ಬಡಗಣ ಕಿಟಕಿಯಲ್ಲಿ ಕಂಡ ಮುಖಗಳು

ಅಂದು ಬೆಳಿಗ್ಗೆಯೂ ಐದಕ್ಕೇ ಎದ್ದೆ. ಚಹಾಕ್ಕೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಅಂಗಳಕ್ಕೆ ನೀರು ಹೊಡೆದು ನಾಲ್ಕೆಳೆ ರಂಗೋಲಿ ಹಾಕಿದೆ. ನಮ್ಮವರಿಗೆ ಸಕ್ಕರೆಯಿಲ್ಲದ ಚಹಾ, ನನಗೆ ಅರ್ಧ ಚಮಚದ್ದು. ರಾತ್ರಿ ನೆನೆಸಿಟ್ಟ ಮಡಕಿಕಾಳನ್ನು ಬಸಿದು ಬಟ್ಟೆಯಲ್ಲಿ ಕಟ್ಟಿದೆ. ಆಮೇಲೆ ಮೊಳೆಗೆ ತೂಗು ಹಾಕಿದ್ದ ಕೀಲಿಕೈ ತೆಗೆದುಕೊಂಡು ಹಿತ್ತಲ ಮೆಟ್ಟಿಲು ಹತ್ತಿದೆ.

ಮೇಲಿನ ಕೋಣೆಯಲ್ಲಿ ಮಾವನವರ ಕಾಲಕ್ಕೆ ಹತ್ತಿ ತುಂಬಿದ ಚೀಲಗಳನ್ನು ಇಡುತ್ತಿದ್ದರು. ಈಗಲೂ ಜಂತಿಯ ಸಂದಿಗಳಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿವೆ. ಸೂರ್ಯನಮಸ್ಕಾರದ ನಡುವೆ ಯಾರಾದರೂ ಸೀನಿದರೆ ಎಲ್ಲರೂ ಒಮ್ಮೆ ಮೇಲೆ ನೋಡುತ್ತಾರೆ. ಚಾಪೆ ಝಾಡಿಸಿ, ಬಡಗಣ ಕಿಟಕಿ ತೆರೆದು, ಅದರ ಪಕ್ಕದ ಸ್ಟೂಲನ್ನು ಸೆರಗಿನಿಂದ ಒರೆಸಿದೆ. ಬೈಲಹೊಂಗಲದ ಹೆಂಗಸರಿಗೆ ಇಪ್ಪತ್ತೆರಡು ವರ್ಷ ವ್ಯಾಯಾಮ ಕಲಿಸಿದ ಆ ಕೋಣೆಯ ಬಾಗಿಲನ್ನು ನಾನು ತೆರೆದ ಕೊನೆಯ ದಿನ ಅದು. ಮರುದಿನದಿಂದ ಕೀಲಿಕೈ ನೇಸರಗಿಯ ರೇಣುಕಾಳ ಕೈಗೆ.

ರೇಣುಕಾ ದೈಹಿಕ ಶಿಕ್ಷಣದ ಪದವಿ ಪಡೆದ ಚುರುಕಾದ ಹುಡುಗಿ. ಎರಡು ತಿಂಗಳಿಂದ ನನ್ನ ಜೊತೆ ನಿಂತು ಕಲಿಸುತ್ತಿದ್ದಳು. ಅಂದು ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೇಳಿದಳು:

"ಅಕ್ಕಾರ, ಆ ಫೋಟೋದ ಪುಸ್ತಕ ಇವತ್ತ ನನಗ ಕೊಡ್ರಿ. ಮೊದಲ ಹೆಂಗಿದ್ರು, ಮೂರು ತಿಂಗಳಿಗೆ ಹೆಂಗಾದ್ರು ಅಂತ ಬ್ಯಾನರ್ ಮಾಡಸ್ತೇನಿ. ಶೋಭಾ ಅಕ್ಕನ ಜೋಡಿ ಫೋಟೋ ನಟ್ಟನಡುವ."

ನಮ್ಮ ಕಡೆ ಕಲಿಸುವ ಹೆಂಗಸನ್ನು 'ಅಕ್ಕಾರ' ಎನ್ನುತ್ತಾರೆ. ಆ ಮರ್ಯಾದೆಗೆ ತಕ್ಕ ಹಾಗೆ ನಾನು ಮೆಲ್ಲಗೆ, ಕ್ಲಾಸ್ ಮುಗಿಯಲಿ ನೋಡೋಣ ಎಂದೆ. ಆದರೆ ಒಳಗೆ ಗುಮಾನಿ ಎದ್ದಿತ್ತು. ಶೋಭಾಳ ಪುಟದ ಮೇಲಿನ ಪ್ಲಾಸ್ಟಿಕ್ ಹಾಳೆ ಹಿಂದಿನ ವಾರವೇ ಒಂದು ಮೂಲೆಯಲ್ಲಿ ಎದ್ದಿದ್ದನ್ನು ನೋಡಿದ್ದೆ. ಈಕೆ ಆಗಲೇ ಅದನ್ನು ತನ್ನ ಮೊಬೈಲಿಗೆ ಇಳಿಸಿಕೊಂಡಿರಬೇಕು. ಪುಸ್ತಕದಲ್ಲಿ ಎಷ್ಟೋ ಮುಖಗಳಿವೆ. ಅವುಗಳಲ್ಲಿ ಬೀದಿಯಲ್ಲಿ ತೂಗಬಾರದ ಮುಖ ಯಾವುದಾದರೂ ಇದ್ದರೆ ಅದು ಶೋಭಾಳದು. ಆ ಮುಖದ ವಿಷಯದಲ್ಲಿ ನಾನು ಮಾಡಿದ್ದು ತಪ್ಪಷ್ಟೇ ಅಲ್ಲ, ಅನ್ಯಾಯ. ರೇಣುಕಾಳಿಗೂ ಅವಳಂತೆ ಈ ಕೆಲಸಕ್ಕೆ ಇಳಿಯುವವರಿಗೂ ಅದು ತಿಳಿದಿರಲಿ ಎಂದು ಇದನ್ನು ಬರೆದಿಟ್ಟಿದ್ದೇನೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಡ್ರಿಲ್ ಕಲಿಸಿದ ಸಿಸ್ಟರ್ ಒಬ್ಬರಿದ್ದರು. ಕೈಕಾಲು ದುಡಿಯಲಿ, ಮುಖ ಸುಮ್ಮನಿರಲಿ ಎನ್ನುತ್ತಿದ್ದರು. ಸಾಲಿನಲ್ಲಿ ಯಾರಾದರೂ ಹುಬ್ಬು ಗಂಟಿಕ್ಕಿದರೆ ಬಂದು ಹೆಬ್ಬೆರಳಿನಿಂದ ಹಣೆ ಸವರಿ ಹೋಗುವರು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದು, ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಮಹಿಳಾ ಮಂಡಳದವರು ಹೆಂಗಸರಿಗೆ ವ್ಯಾಯಾಮ ಕಲಿಸಲು ನನ್ನನ್ನು ಕರೆದರು. ಅಧ್ಯಕ್ಷೆಯವರೇ ನನ್ನ ಮೇಲಧಿಕಾರಿ ಎನ್ನಬೇಕು. ದೊಡ್ಡ ಮನೆತನದವರು, ದೊಡ್ಡ ಕುಂಕುಮ, ಸಣ್ಣ ತಾಳ್ಮೆ. ನನ್ನನ್ನು ಕೇಳದೆ ಒಂದು ಬೋರ್ಡು ಬರೆಸಿ ತಂದು ಬಾಗಿಲಿಗೆ ಹೊಡೆಸಿದರು: ಮೂರು ತಿಂಗಳಲ್ಲಿ ಮುಖಕ್ಕೆ ಕಾಂತಿ. ಬೊಜ್ಜು ಇಳಿಯುತ್ತದೆ ಎಂದು ಬರೆದಿದ್ದರೆ ಒಪ್ಪುತ್ತಿದ್ದೆ. ಕಾಂತಿಯ ಮಾತು ನನಗೆ ಸುಳ್ಳೆನಿಸಿತು. ಎದುರಾಡುವ ಧೈರ್ಯವಿಲ್ಲದೆ, ಆ ಸುಳ್ಳನ್ನು ಹಿಡಿಯಲೆಂದೇ ಫೋಟೋ ತೆಗೆಯಲು ಶುರು ಮಾಡಿದೆ. ಮೊದಲ ದಿನ ಒಂದು, ತೊಂಬತ್ತನೆಯ ದಿನ ಒಂದು, ಎರಡನ್ನೂ ಪಕ್ಕಪಕ್ಕ ಅಂಟಿಸುವುದು. ಪುಸ್ತಕ ಹುಟ್ಟಿದ್ದು ಹೀಗೆ.

ಮೊದಲ ವರ್ಷದ ಫೋಟೋಗಳೆಲ್ಲ ದಂಡ. ಎರಡನೆಯ ಫೋಟೋವನ್ನು ವ್ಯಾಯಾಮ ಮುಗಿದ ಕೂಡಲೇ ತೆಗೆಯುತ್ತಿದ್ದೆ. ತಲೆ ಕೆಳಗೆ ಮಾಡಿ ಕಾಲು ಮೇಲೆತ್ತಿದವರ ಮುಖ ಕೆಂಪೇರದೆ ಇರುತ್ತದೆಯೇ? ಎಲ್ಲರೂ ಮಿಂಚುತ್ತಿದ್ದರು, ಅಧ್ಯಕ್ಷೆಯವರು ಹಿಗ್ಗುತ್ತಿದ್ದರು. ಆ ಕೆಂಪು ಅರ್ಧ ಗಂಟೆಯ ನೆಂಟ ಎಂದು ನನಗೆ ತಿಳಿಸಿದ್ದು ಕಿತ್ತೂರಿನ ಒಂದು ಹುಡುಗಿ. ಸೋದರತ್ತೆಯ ಮನೆಯಲ್ಲಿದ್ದು ಕ್ಲಾಸಿಗೆ ಬರುತ್ತಿದ್ದಳು. ಕನ್ಯಾ ನೋಡಲು ಬರುವ ದಿನ ಆ ಅತ್ತೆ, ಗಂಡಿನ ಕಡೆಯವರ ಗಾಡಿಯ ಸಪ್ಪಳ ಕೇಳುವವರೆಗೂ ಹುಡುಗಿಯನ್ನು ಒಳಕೋಣೆಯಲ್ಲಿ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಲ್ಲಿಸಿದ್ದಳಂತೆ. ಹುಡುಗಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಾಗ ಗಂಡಿನ ತಾಯಿ ಕೇಳಿದ ಮಾತು ಒಂದೇ: "ಹುಡಗಿಗೆ ಜ್ವರಾ ಬಂದಾವೇನ್ರಿ?" ಸಂಬಂಧ ಮುರಿಯಲಿಲ್ಲ, ಆದರೆ ಎರಡನೆಯ ಸಲ ನೋಡಲು ಬರುತ್ತೇವೆ ಎಂದು ಹೋದರು. ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ವ್ಯಾಯಾಮಕ್ಕೆ ಮೊದಲು, ಬರೀ ನೀರಿನಲ್ಲಿ ತೊಳೆದ ಮುಖ, ಪೌಡರ್ ಇಲ್ಲ, ಅದೇ ಸ್ಟೂಲು, ಅದೇ ಕಿಟಕಿ. ಬಡಗಣ ಕಿಟಕಿಗೆ ಬಿಸಿಲು ನೇರವಾಗಿ ಬೀಳುವುದಿಲ್ಲ. ಅಲ್ಲಿಯ ಬೆಳಕು ಯಾರನ್ನೂ ಹೊಗಳುವುದಿಲ್ಲ.

ಆ ಬೆಳಕಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೆಂಗಸರು ಹೊಟ್ಟೆ ಕರಗಲಿ, ಗಲ್ಲ ಉಳಿಯಲಿ ಎಂದು ಬರುತ್ತಾರೆ. ಬಿರುಸಾಗಿ ನಡೆಯುವವರಿಗೂ ಓಡುವವರಿಗೂ ಹೆಚ್ಚಾಗಿ ಉಲ್ಟಾ ಆಗುತ್ತದೆ. ಮೊದಲು ಗಲ್ಲ ಇಳಿಯುತ್ತದೆ, ಹೊಟ್ಟೆ ಕೊನೆಗೆ. 'ಮಾರಿ ಬತ್ತೇತಿ' ಎಂದು ಮನೆಯವರು ಗದರುತ್ತಾರೆ. ಮಾರಿ ಎಂದರೆ ನಮ್ಮಲ್ಲಿ ಮುಖ. ಎಂಟು ಗಂಟೆಯ ಬಿಸಿಲಿನಲ್ಲಿ ಸಂಗೊಳ್ಳಿ ರಸ್ತೆಯಲ್ಲಿ ನಡೆದು ಬಂದು, ಕಪ್ಪಾದೆ ಎಂದು ನನ್ನ ಮೇಲೆ ಸಿಟ್ಟಾದವರಿದ್ದಾರೆ. ಭಾರ ಎತ್ತುವವರು ಹಲ್ಲು ಕಚ್ಚುತ್ತಾರೆ. ತೋಳಿಗಿಂತ ಮೊದಲು ಅವರ ದವಡೆ ಬಿಗಿಯುತ್ತದೆ, ಸಂಜೆ ತಲೆನೋವು ಎನ್ನುತ್ತಾರೆ. ತುಟಿ ಸಡಿಲ ಬಿಟ್ಟು ಎತ್ತಿರಿ ಎಂದರೆ ನಗುತ್ತಾರೆ, ನಗುವಾಗ ದವಡೆ ತಾನೇ ಸಡಿಲಾಗುತ್ತದೆ. ಉಸಿರಾಟದ ಅಭ್ಯಾಸ ಮಾಡಿದವರ ಮುಖ ತಿಳಿಯಾಗುತ್ತದೆ ಎಂದು ಬಹಳ ದಿನ ನಂಬಿದ್ದೆ. ಈಗ ಅದರ ಮೇಲೂ ಅನುಮಾನ. ಮನೆಯಲ್ಲಿ ಇಪ್ಪತ್ತು ನಿಮಿಷ ಯಾರೂ ಕರೆಯದಂತೆ ಕೂತರೆ ಯಾವ ಹೆಂಗಸಿನ ಮುಖವಾದರೂ ತಿಳಿಯಾದೀತು.

ಎರಡು ವರ್ಷ ಶನಿವಾರಕ್ಕೊಮ್ಮೆ ಬಸ್ಸು ಹಿಡಿದು ಸವದತ್ತಿಗೂ ಹೋಗಿ ಕಲಿಸಿದೆ. ಅಲ್ಲಿ ನಮ್ಮ ಕ್ಲಾಸಿನ ಎದುರು ಭಂಡಾರದ, ಅಂದರೆ ದೇವಿಯ ಅರಿಶಿನಪುಡಿಯ, ಬುಟ್ಟಿ ಹೊತ್ತು ಒಬ್ಬ ಮುದುಕಿ ಹೋಗುತ್ತಿದ್ದಳು. ದಿನಕ್ಕೆ ಎರಡು ಸಲ ದೇವಿಯ ಗುಡ್ಡ ಹತ್ತಿ ಇಳಿಯುವ ಕಾಲು. ಕತ್ತು ನೆಟ್ಟಗೆ, ಮುಖದ ತುಂಬ ಗೆರೆ, ಆದರೆ ಆ ಗೆರೆಗಳೆಲ್ಲ ನಗುವಿನ ಕಡೆಗೇ ಹೊರಟಂತಿದ್ದವು. ನಮ್ಮ ಕ್ಲಾಸಿನವರು ತಡೆದು, ಮುಖಕ್ಕೆ ಏನು ಹಚ್ಚುತ್ತೀ ಎಂದು ಕೇಳಿದರು. "ಏನ್ ಹಚ್ಚೂದ್ರೆವ್ವಾ, ಬಿಸಲು ಹಚ್ಚತೇನಿ," ಎಂದಳು.

ಮೊದಲು ಕ್ಯಾಸೆಟ್ಟು ಹಾಕಿ ಎಣಿಕೆ ಹೇಳಿಸುತ್ತಿದ್ದೆವು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಅದರ ಜೊತೆ ಮುಖದ ವ್ಯಾಯಾಮವೂ ಬಂತು. ಗಲ್ಲ ಉಬ್ಬಿಸುವುದು, ಮೀನಿನಂತೆ ಬಾಯಿ ಮಾಡುವುದು, ಹುಬ್ಬು ಏರಿಸಿ ಇಳಿಸುವುದು. ಬೇಡವೆಂದರೆ ಅಕ್ಕಾರ ಹಳಬರು ಎನ್ನುತ್ತಿದ್ದರು. ಸರಿ, ನಾನೂ ಮಾಡಿಸಿದೆ. ಮೂರು ತಿಂಗಳ ನಂತರ ಕಿಟಕಿ ಬೇರೆಯೇ ಹೇಳಿತು: ಕೆಲವರಿಗೆ ಗಲ್ಲ ತುಸು ತುಂಬಿದಂತಿತ್ತು, ಬಾಯಿಯ ಪಕ್ಕದ ಗೆರೆ ಮಾತ್ರ ಎಲ್ಲರಿಗೂ ಆಳವಾಗಿತ್ತು. ಮಡಿಸಿದಲ್ಲೇ ಮತ್ತೆ ಮಡಿಸಿದರೆ ಸೀರೆಯೂ ಗೆರೆ ಹಿಡಿಯುತ್ತದಲ್ಲವೇ. ಎಲ್ಲ ಬಿಡಿಸಿದೆ. ಒಂದನ್ನು ಮಾತ್ರ ಉಳಿಸಿಕೊಂಡೆ, ಕಣ್ಣಿನ ವ್ಯಾಯಾಮ. ಮೇಲೆ, ಕೆಳಗೆ, ಎಡ, ಬಲ, ಆಮೇಲೆ ಅಗಲ ತೆರೆದು ಹತ್ತು ಎಣಿಸುವುದು. ಅದರಿಂದ ಕಣ್ಣು ಅರಳುತ್ತದೆ ಎಂದು ನಾನೇ ಹೇಳುತ್ತಿದ್ದೆ. ಊರಿನವರ ಮಾತನ್ನೆಲ್ಲ ಸಂಶಯದಿಂದ ನೋಡಿದವಳು ನನ್ನ ಮಾತನ್ನು ನೋಡಲಿಲ್ಲ.

ಶೋಭಾ ಬಂದದ್ದು ಆಗ. ರಾಮದುರ್ಗದ ಮಗಳು, ನಮ್ಮೂರಿನ ಬಟ್ಟೆ ಅಂಗಡಿಯವರ ಸೊಸೆ. ಎರಡನೆಯ ಬಾಣಂತನ ಮುಗಿದು ಕೆಲವು ತಿಂಗಳಾಗಿತ್ತು, ಮುಖ ಹೋಳಿಗೆಯ ಹಾಗೆ ದುಂಡಗಿತ್ತು. ಎರಡನೆಯ ತಿಂಗಳಿಗೆ ಗಲ್ಲದ ಮೂಳೆ ಕಂಡಿತು. ಚರ್ಮಕ್ಕೆ ಕೆಂಬಣ್ಣ ಬಂತು. ಕಣ್ಣು ದೊಡ್ಡದಾಗಿ, ಹೊಳೆಯತೊಡಗಿತು. ನಾನು ಅವಳನ್ನು ಮುಂದಿನ ಸಾಲಿಗೆ ತಂದು ಕೂರಿಸಿ, ಕಣ್ಣಿನ ವ್ಯಾಯಾಮ ಎಂದರೆ ಇದು, ಎಲ್ಲರೂ ಶೋಭಾಳನ್ನು ನೋಡಿ ಎಂದೆ. ಎಲ್ಲರೂ ನೋಡಿದರು. ಅವಳಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಆದರೆ ನನಗೆ ಅವಳ ಮೇಲೆ ಗುಮಾನಿ ಶುರುವಾಯಿತು. ಬೇರೆಯವರು ಚಾಪೆ ಹಾಸುವಷ್ಟರಲ್ಲಿ ಈಕೆಯ ಕುಪ್ಪಸ ಬೆನ್ನಿಗೆ ಅಂಟಿರುತ್ತಿತ್ತು. ಬಂದಾಗಲೇ ಏದುಸಿರು. ಫ್ಯಾನಿನ ಕೆಳಗಿನ ಜಾಗಕ್ಕೆ ಜಗಳ. ಎರಡು ರೊಟ್ಟಿ ಹೆಚ್ಚಿಗೆ ತಿಂದರೂ ಇಳಿಯುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದಳು. ಇಲ್ಲಿಯದು ಸಾಲದೆ ಬೇರೆಲ್ಲೋ ಮೈ ದಂಡಿಸಿ ದಣಿದಿದ್ದಾಳೆ ಎಂದು ನಾನು ನಿಶ್ಚಯಿಸಿದೆ. ಪೇಟೆಯ ಕಡೆ ಆಗಷ್ಟೇ ಹೊಸ ಜಿಮ್ ಒಂದು ತೆರೆದಿತ್ತು, ಮಧ್ಯಾಹ್ನ ಹೆಂಗಸರಿಗೆ. ಒಂದು ದಿನ ಕಾಯಿಪಲ್ಲೆಯ ಚೀಲ ಹಿಡಿದು ಅದರ ಮುಂದೆ ಎರಡು ಸಲ ಹಾದುಹೋದೆ. ಬಾಗಿಲಲ್ಲಿ ಹಸಿರು ಪಟ್ಟಿಯ ಚಪ್ಪಲಿ ಇದ್ದವು. ಶೋಭಾಳದೂ ಅಂಥವೇ. ನನಗೆ ಅಷ್ಟೇ ಸಾಕಾಯಿತು. ಊರಿನ ಅರ್ಧ ಹೆಂಗಸರು ಆ ವರ್ಷ ಅದೇ ಅಂಗಡಿಯಲ್ಲಿ ಅದೇ ಚಪ್ಪಲಿ ಕೊಂಡಿದ್ದರೆಂಬುದು ಆಮೇಲೆ ಹೊಳೆಯಿತು.

ತೊಂಬತ್ತನೆಯ ದಿನದ ಫೋಟೋ ತೆಗೆದು ವಾರವಾಗಿರಲಿಲ್ಲ, ಅವಳ ಅತ್ತೆ ಮನೆಗೆ ಬಂದರು. ಕುಂಡ್ರಿ ಎಂದರೂ ಕೂರಲಿಲ್ಲ.

"ಏನ್ ಮಾಡೀರಿ ಅಕ್ಕಾರ ನಮ್ಮ ಸೊಸಿಗೆ? ಮಾರಿ ಬತ್ತಿ ಕಣ್ಣ ಅಷ್ಟ ಉಳದಾವ. ನಿಮ್ಮ ಕ್ಲಾಸಿಗೆ ಕಳಿಸಿದ್ದ ತಪ್ಪಾತೇನು?"

ನನ್ನ ಕ್ಲಾಸಿನ ಹೆಸರು ನನಗೆ ಮೊದಲು ಕಂಡಿತು. ನಮ್ಮಲ್ಲಿ ಮಾಡಿಸುವುದರಿಂದ ಹೀಗಾಗುವುದಿಲ್ಲ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮಧ್ಯಾನದಾಗ ಬ್ಯಾರೆ ಎಲ್ಲೆರೆ ಹೋಗ್ತಾಳೇನ ನೋಡ್ರಿ," ಎಂದೆ. ಕಾನ್ವೆಂಟಿನಲ್ಲಿ ಕಲಿತ ಮೆತ್ತನೆಯ ದನಿಯಲ್ಲೇ ಎಂದೆ.

ನನ್ನ ತಲೆಯಲ್ಲಿ ಇದ್ದದ್ದು ಓಡುವ ಯಂತ್ರ. ಆ ಮನೆ ಕೇಳಿಸಿಕೊಂಡದ್ದು, ಸೊಸೆ ಮಧ್ಯಾಹ್ನ ಹೇಳದೆ ಎಲ್ಲಿಗೋ ಹೋಗುತ್ತಾಳೆ ಎಂದು. ಮರುದಿನದಿಂದ ಶೋಭಾ ಕ್ಲಾಸಿಗೆ ಬರಲಿಲ್ಲ. ತರಕಾರಿಗೂ ಒಬ್ಬಳನ್ನೇ ಬಿಡುವುದಿಲ್ಲವಂತೆ, ತವರಿಗೆ ಫೋನು ಮಾಡಿದರೂ ಪಕ್ಕದಲ್ಲಿ ಒಬ್ಬರು ನಿಲ್ಲುತ್ತಾರಂತೆ, ಗಂಡ ಮಾತು ಬಿಟ್ಟಿದ್ದಾನಂತೆ ಎಂದು ಕ್ಲಾಸಿನವರು ಚಾಪೆ ಸುತ್ತುತ್ತ ಮಾತಾಡಿಕೊಂಡರು. ನಾನು ಕೇಳಿಸದವಳಂತೆ ಕಿಟಕಿ ಮುಚ್ಚಿದೆ. ಸಿಕ್ಕಿಬಿದ್ದಳು, ಸ್ವಲ್ಪ ದಿನ ಅನುಭವಿಸಲಿ ಎಂದು ನನಗೆ ಅನಿಸಿದ್ದೂ ನಿಜ. ಹೀಗೆ ಎರಡು ತಿಂಗಳು ಹೋದವು.

ನಮ್ಮ ಪಕ್ಕದ ಮನೆಯ ನೀಲವ್ವ ಮೊಸರಿನ ಹೆಪ್ಪು ಕೇಳುವ ನೆಪದಲ್ಲಿ ದಿನಕ್ಕೊಮ್ಮೆ ಬರುವವಳು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುವವಳು. ಒಂದು ಸಂಜೆ ನಾನು ಅಡುಗೆಮನೆಯಿಂದ ಹೆಪ್ಪು ತರುವಷ್ಟರಲ್ಲಿ ಮೇಜಿನ ಮೇಲಿದ್ದ ಪುಸ್ತಕ ತಿರುವುತ್ತಿದ್ದಳು. ಶೋಭಾಳ ಪುಟದಲ್ಲಿ ಬೆರಳಿಟ್ಟು, "ಈಕಿ ಯಾಕ್ರೀ ವೈನಿ, ಏನೋ ಕಂಡು ಅಂಜಿದವರಂಗ ನೋಡಾಕ ಹತ್ಯಾಳ?" ಎಂದಳು. ಅದು ಕಣ್ಣಿನ ವ್ಯಾಯಾಮ ಎಂದೆ. ಹೌದೇನು ಎಂದು ಬಟ್ಟಲು ಹಿಡಿದು ಹೋದಳು.

ಅಂಜಿದವಳು ಎಂಬ ಮಾತು ಹೋಗಲಿಲ್ಲ. ನಮ್ಮವರ ಭೂತಗನ್ನಡಿ ತಂದು ಎರಡೂ ಫೋಟೋ ನೋಡಿದೆ. ಮೊದಲನೆಯದರಲ್ಲಿ ಮೇಲಿನ ರೆಪ್ಪೆ ಕಣ್ಣಿನ ಕಪ್ಪಿನ ಮೇಲೆ ಕೂತಿತ್ತು. ಎರಡನೆಯದರಲ್ಲಿ ರೆಪ್ಪೆಗೂ ಕಪ್ಪಿಗೂ ನಡುವೆ ಬಿಳುಪು ಕಾಣುತ್ತಿತ್ತು. ಪುಸ್ತಕದ ಎಲ್ಲ ಪುಟ ತಿರುವಿದೆ. ಅದೇ ಕಣ್ಣಿನ ವ್ಯಾಯಾಮ ಮಾಡಿದ ಬೇರೆ ಯಾರಿಗೂ ಹಾಗಾಗಿರಲಿಲ್ಲ, ಒಬ್ಬರಿಗೂ. ಮತ್ತೆ ಶೋಭಾಳಿಗೆ ಬಂದೆ. ಮುಖ ಸ್ಪಷ್ಟವಾಗಿತ್ತು. ಎದೆಯ ಬಳಿ ಸೆರಗಿನ ಅಂಚು ಹಿಡಿದ ಬೆರಳುಗಳು ಮಾತ್ರ ಮಸುಕಾಗಿದ್ದವು. ಅವಳು ಅಲುಗಾಡದೆ ಕೂತಿದ್ದಳು, ಕೈ ಕೂತಿರಲಿಲ್ಲ. ಬೆವರು, ಏದುಸಿರು, ಎಷ್ಟು ತಿಂದರೂ ಇಳಿಯುವ ಮೈ, ನಡುಗುವ ಬೆರಳು. ಇವುಗಳಲ್ಲಿ ಒಂದೂ ನನ್ನ ಕಣ್ಣು ತಪ್ಪಿಸಿರಲಿಲ್ಲ. ಎಲ್ಲವನ್ನೂ ನೋಡಿದ್ದೆ, ಕಳ್ಳತನದ ಗುರುತುಗಳೆಂದು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅತ್ತೆ ನೀರು ಕೊಟ್ಟರು, ಕೂರಲು ಹೇಳಲಿಲ್ಲ. ನಾನು ನಿಂತೇ ಹೇಳಿದೆ: ಶೋಭಾ ಎಲ್ಲಿಗೆ ಹೋದದ್ದನ್ನೂ ನಾನು ಕಂಡಿಲ್ಲ, ಊಹೆಯ ಮೇಲೆ ಆಡಿದೆ, ಅವಳಿಗೆ ಆರಾಮಿಲ್ಲ ಅನಿಸುತ್ತದೆ, ಡಾಕ್ಟರಿಗೆ ತೋರಿಸಿ.

"ಅವತ್ತ ಒಂದ ಹೇಳಿದ್ರಿ, ಇವತ್ತ ಒಂದ ಹೇಳತೀರಿ," ಎಂದರು ಅತ್ತೆ. "ಯಾವುದು ಖರೇ?"

"ಅವತ್ತಿಂದು ಸುಳ್ಳರಿ. ಇವತ್ತಿಂದು ಖರೇ ಹೌದೋ ಅಲ್ಲೋ ಡಾಕ್ಟರ್ ಹೇಳಲಿ."

ಅಷ್ಟರಲ್ಲಿ ಶೋಭಾ ಚಹಾ ತಂದಳು. ನನ್ನನ್ನು ನೋಡಲಿಲ್ಲ. ಬಸಿಯ ಮೇಲೆ ಕಪ್ಪು ಕಟಕಟ ಎನ್ನುತ್ತಿತ್ತು. ಅವಳು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಡುವವರೆಗೂ ಆ ಸಪ್ಪಳ ನಿಲ್ಲಲಿಲ್ಲ. ಮೂವರೂ ಕೇಳಿದೆವು. ಅತ್ತೆ ಸೊಸೆಯ ಕೈ ಹಿಡಿದು, ಎಂದಿನಿಂದ ಹೀಗೆ ಎಂದು ಕೇಳಿದರು. "ನೀವು ಕೇಳಿದ್ದ ಇವತ್ತ, ಅತ್ತಿ," ಎಂದಳು ಶೋಭಾ.

ಬೆಳಗಾವಿಯ ಡಾಕ್ಟರು ಕುತ್ತಿಗೆ ಮುಟ್ಟಿ, ನಾಡಿ ಹಿಡಿದು, ರಕ್ತ ಪರೀಕ್ಷೆ ಮಾಡಿಸಿದರು. ಗಂಟಲಿನ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿತ್ತು. ಕೂತಲ್ಲೇ ಹೃದಯ ಓಡುತ್ತಿತ್ತು. ಇಂಥ ಸ್ಥಿತಿಯಲ್ಲಿ ಇವಳಿಂದ ವ್ಯಾಯಾಮ ಮಾಡಿಸಿದವರು ಯಾರು ಎಂದು ಅವರು ಕೇಳಿದರಂತೆ. ಎರಡು ತಿಂಗಳ ಮೊದಲೇ ಬರಬೇಕಿತ್ತು ಎಂದೂ ಅಂದರಂತೆ. ಆ ಎರಡು ತಿಂಗಳು ಯಾರ ಬಾಯಿಂದ ಹೋದವೆಂದು ಅವರಿಗೆ ಗೊತ್ತಿರಲಿಲ್ಲ. ಶೋಭಾ ರಾಮದುರ್ಗದ ತವರಿನಲ್ಲಿ ಬಹಳ ದಿನ ಇದ್ದು ಗುಳಿಗೆ ತೆಗೆದುಕೊಂಡಳು. ಕೈ ನಿಂತಿತು, ಗಲ್ಲ ತುಂಬಿತು. ಎಡಗಣ್ಣು ಮಾತ್ರ ಇಂದಿಗೂ ಬಲಗಣ್ಣಿಗಿಂತ ತುಸು ಹೆಚ್ಚು ತೆರೆದೇ ಇದೆ.

ಈ ಕೆಲಸಕ್ಕೆ ಬರುವವರಿಗೆ ನನಗೆ ಹೇಳಲು ಇರುವುದು ಇಷ್ಟು. ಒಂದು ಮುಖ ಬೇಗ ಬದಲಾದರೆ ಮೊದಲು ಕಾಯಿಲೆಯನ್ನು ಸಂಶಯಿಸಿ, ಆಮೇಲೆ ಅವಳ ನಿದ್ದೆ ಊಟವನ್ನು, ಕಟ್ಟಕಡೆಗೆ ನಿಮ್ಮ ವ್ಯಾಯಾಮವನ್ನು. ಹೊಗಳಿಕೆ ಬಂದ ದಿನ ಇನ್ನೂ ಹೆಚ್ಚು ಸಂಶಯಿಸಿ. ಅವಳನ್ನು ಮಾತ್ರ ಸಂಶಯಿಸಬೇಡಿ. ಸಂಶಯ ಬಂದರೂ ಅವಳ ಮನೆಯವರ ಮುಂದೆ ಬಾಯಿ ಬಿಡಬೇಡಿ.

ಕೊನೆಯ ದಿನದ ಕ್ಲಾಸ್ ಮುಗಿದ ಮೇಲೆ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ. ಶೋಭಾಳೂ ಬಂದಿದ್ದಳು. ಅವಳು ಮತ್ತೆ ಕ್ಲಾಸಿಗೆ ಸೇರಿ ವರ್ಷಗಳಾಗಿವೆ, ಹಿಂದಿನ ಸಾಲಿನಲ್ಲೇ ಕೂರುತ್ತಾಳೆ. ಬೇರೆಯವರೆಲ್ಲ ಇಳಿದುಹೋದ ಮೇಲೆ ನಾವು ಮೂವರು ಉಳಿದೆವು. ರೇಣುಕಾ ಸುಮ್ಮನಿರದೆ ಶೋಭಾಳನ್ನೇ ಕೇಳಿಬಿಟ್ಟಳು: ನಿಮ್ಮ ಫೋಟೋ ಬ್ಯಾನರಿಗೆ ಹಾಕಲೇ ಎಂದು. ಶೋಭಾ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ಉತ್ತರ ಕೊಡಬೇಕಿತ್ತು. ಪುಸ್ತಕ ತೆರೆದು, ಮೇಲೆ ಬರೆದದ್ದನ್ನೆಲ್ಲ, ಚಪ್ಪಲಿಯಿಂದ ಹಿಡಿದು ಅವಳ ಅತ್ತೆಗೆ ಆಡಿದ ಮಾತಿನವರೆಗೆ, ಶೋಭಾಳ ಎದುರಿನಲ್ಲೇ ರೇಣುಕಾಳಿಗೆ ಹೇಳಿದೆ. ಅತ್ತೆಯ ಮನೆಯಲ್ಲಿ ಊಹೆ ಎಂದು ಹೇಳಿದ್ದೆನೇ ಹೊರತು, ಜಿಮ್ಮಿನ ಮುಂದೆ ಎರಡು ಸಲ ಸುಳಿದಾಡಿದ್ದನ್ನು ಶೋಭಾಳಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ.

ರೇಣುಕಾ ಮೊಬೈಲ್ ತೆಗೆದು, ಏನನ್ನೋ ಹುಡುಕಿ ಅಳಿಸಿದಳು. ನನ್ನ ಒಂದು ಗುಮಾನಿಯಾದರೂ ಖರೆಯಾಗಿತ್ತು. ಖುಷಿಯಾಗಲಿಲ್ಲ.

"ಆ ಎರಡೂ ಫೋಟೋ ನನಗ ಕೊಡ್ರಿ ಅಕ್ಕಾರ," ಎಂದಳು ಶೋಭಾ.

ಹರಿದು ಹಾಕುತ್ತಾಳೆ, ಹಾಕಲಿ ಎಂದುಕೊಂಡು ಬಿಡಿಸಿ ಕೊಟ್ಟೆ. ಅವಳು ಮೊದಲ ದಿನದ್ದನ್ನು ನನಗೇ ಹಿಂತಿರುಗಿಸಿ, ಎರಡನೆಯದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡಳು.

"ಬ್ಯಾನಿ ಇತ್ತು ಖರೇ," ಎಂದಳು. "ಆದ್ರ ನನ್ನ ಜನ್ಮದಾಗ ನಾ ಅಷ್ಟ ಚಂದ ಮತ್ತ ಯಾವಾಗೂ ಕಂಡಿಲ್ಲರಿ. ನೀವ ಎಲ್ಲಾರಿಗೂ ನೋಡ್ರಿ ಅಂತ ತೋರಿಸಿದ್ರಿ."

ಪುಸ್ತಕವನ್ನೂ ಕೀಲಿಕೈಯನ್ನೂ ರೇಣುಕಾಳಿಗೆ ಕೊಟ್ಟೆ. ಕೊಡುವ ಮುನ್ನ ಒಮ್ಮೆ ತಿರುವಿದೆ. ಅಷ್ಟು ಮುಖಗಳಲ್ಲಿ ನನ್ನದು ಒಂದೂ ಇರಲಿಲ್ಲ. ಕ್ಯಾಮೆರಾ ಯಾವಾಗಲೂ ನನ್ನ ಕೈಯಲ್ಲೇ ಇತ್ತು.

ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಮಡಕಿಕಾಳಿನ ಗಂಟು ಬಿಚ್ಚಿ ಮೊಳಕೆ ನೋಡುತ್ತಿದ್ದೆ. ನೀಲವ್ವ ಬಂದಳು. ಹೆಪ್ಪು ಕೊಟ್ಟೆ. ಬೀದಿಯ ನಳದಲ್ಲಿ ನೀರು ಬಂದಿಲ್ಲ ಎಂದಳು, ಉಡಿಯ ಖಣ ಯಾವ ಬಣ್ಣದ್ದು ಎಂದು ಕೇಳಿದಳು. ಹೊರಟವಳು ತಿರುಗಿ, ಬಟ್ಟಲಿಗೆ ಸೆರಗು ಮುಚ್ಚಿಕೊಳ್ಳುತ್ತ ಅಂದಳು:

"ವೈನಿ, ನಿಮ್ಮ ಹುಬ್ಬಿನ ನಡುವಿನ ಗಂಟು ಇವತ್ತ ಇಲ್ಲ ನೋಡ್ರಿ. ಇಷ್ಟು ವರ್ಷ ನಾ ಅದು ಹುಟ್ಟಿದಾಗಿಂದ ಇದ್ದದ್ದು ಅಂತ ತಿಳಕೊಂಡಿದ್ದೆ."